ದುಂಡು ಸಭಾಂಗಣದ ಕೆಂಪು ಗೆರೆ

ಮುಂಬಾಗಿಲು ದಾಟುವಾಗ ಚಿಕ್ಕಮ್ಮನ ಕಾಲು ತಾನಾಗಿಯೇ ಚಪ್ಪಲಿ ಕಳಚಲು ಹೊರಟಿತು.

"ಏನ್ ಮಾಡ್ತಿದೀಯ ಚಿಕ್ಕಮ್ಮ? ಸಂಸತ್ ಭವನ ಇದು, ನಿನ್ನ ಅಡುಗೆಮನೆ ಅಲ್ಲ," ಎಂದು ಅಕ್ಕನ ಮಗಳು ನಕ್ಕಳು.

"ಒರೆಸಿದೋಳಿಗೇ ಗೊತ್ತು ಕಣೇ, ನೆಲದ ಸಂಕಟ."

ಮೂವತ್ತು ವರ್ಷ ಈ ಭವನದ ನೆಲ ಒರೆಸಿದ್ದರೂ ಅವಳು ಮುಂಬಾಗಿಲಿನಿಂದ ಒಳಗೆ ಬಂದದ್ದು ಇದೇ ಮೊದಲು. ಕೆಲಸದ ದಿನಗಳಲ್ಲಿ ಮನೆಯ ಒಲೆ, ಪಾತ್ರೆ, ಬಟ್ಟೆ ಮುಗಿಸಿ ಬೆಳಿಗ್ಗೆ ಆರಕ್ಕೆ ಹಿಂದಿನ ಕಿರುಬಾಗಿಲಿನಲ್ಲಿ ನುಸುಳಿದರೆ ಹತ್ತಕ್ಕೆ ಅಲ್ಲಿಂದಲೇ ಹೊರಗೆ. ಮನೆಯ ನೆಲ, ದೇಶದ ನೆಲ, ಎರಡಕ್ಕೂ ಬಗ್ಗಿದ್ದು ಒಂದೇ ಸೊಂಟ. ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ, ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದ, ತಾನೇ ಸಾಕಿದ ಈ ಅಕ್ಕನ ಮಗಳು ಹಟ ಹಿಡಿದು ಕರೆತಂದಿದ್ದಳು. ಬೇಡವೆನ್ನಲು ಚಿಕ್ಕಮ್ಮನಿಗೆ ಕಾರಣವಿತ್ತು. ಆದರೆ ಅದು ಆ ಹುಡುಗಿಗೆ ಹೇಳುವಂಥದ್ದಾಗಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ದುಂಡು ಸಭಾಂಗಣದ ಗ್ಯಾಲರಿಯ ಹಿತ್ತಾಳೆ ಕಂಬಿ ಉಜ್ಜುತ್ತಿದ್ದ ಅಕ್ಕ ಏಣಿಸಮೇತ ಕೆಳಗೆ ಬಿದ್ದಳು. ಗುಮ್ಮಟ ಆ ಸದ್ದನ್ನು ಎತ್ತಿಕೊಂಡು ಮೂರು ಸುತ್ತು ತಿರುಗಿಸಿತು. ಚಿಕ್ಕಮ್ಮ ಓಡಿಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅಕ್ಕ ಆಡಿದ್ದು ಒಂದೇ ಮಾತು: "ಬಕೆಟ್ ಉರುಳಿತೇನೇ?"

ಹನ್ನೊಂದಕ್ಕೆ ಸಭೆ ಸೇರುವುದಿತ್ತು. ಕೆಲಸದವರ ಮೇಲ್ವಿಚಾರಕ ಅಕ್ಕನ ದೇಹವನ್ನು ಹಿಂಬಾಗಿಲಿನಿಂದ ಸಾಗಿಸಿದ. "ಮನೆ ಮೆಟ್ಟಿಲಲ್ಲಿ ಜಾರಿಬಿದ್ದಳು ಅನ್ನು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರಬೇಡ. ಅವಳ ಆರು ವರ್ಷದ ಮಗೂನ ಯಾರು ಸಾಕ್ತಾರೆ, ಯೋಚನೆ ಮಾಡು," ಎಂದ. ಅಕ್ಕನ ಗಂಡ ಎಂಬವನು ಎಂದೋ ಬಿಟ್ಟುಹೋಗಿದ್ದ. ಚಿಕ್ಕಮ್ಮ ಬಾಯಿ ಹೊಲಿದುಕೊಂಡಳು. ಅಕ್ಕನ ರಕ್ತವನ್ನು ತಾನೇ ಒರೆಸಿದಳು. ರಕ್ತಕ್ಕೆ ತಣ್ಣೀರೇ ಬೇಕು, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ತಿಂಗಳು ತಿಂಗಳು ತನ್ನ ಬಟ್ಟೆ ತಾನೇ ಒಗೆದುಕೊಂಡ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಆ ದಿನ ಅವಳ ಕೈಗೆ ಸಿಕ್ಕಿದ್ದು ಹಬೆಯಾಡುವ ಬಕೆಟ್. ಬಿಳಿ ಕಲ್ಲು ರಕ್ತವನ್ನು ಕುಡಿದುಬಿಟ್ಟಿತು.

ಅಂದಿನಿಂದ ಕೆಲಸ ಬಿಡುವವರೆಗೂ ಆ ಜಾಗದ ಮೇಲೆ ಜಮಖಾನ ಎಳೆದಿಡುತ್ತಿದ್ದಳು. ಹತ್ತಿರ ಸುಳಿದಾಗಲೆಲ್ಲ ಮೇಲಿನಿಂದ ಅಕ್ಕ ಕೇಳುತ್ತಿದ್ದಳು. ಬಕೆಟ್ ಉರುಳಿತೇನೇ?

"ಎಂಬತ್ತು ವರ್ಷದ ಭವನ," ಎಂದು ಅದೇ ಸಭಾಂಗಣದಲ್ಲಿ ಈಗ ಭವನ ತೋರಿಸುವವನು ಗುಂಪಿಗೆ ಹೇಳಲು ಶುರುಮಾಡಿದ. ಇಸ್ತ್ರಿಯ ಕೋಟು, ಬಾಯಿಪಾಠದ ಮಾತು. "ಮೂವತ್ತಾರು ಕಂಬ. ಗುಮ್ಮಟಕ್ಕೆ ನಡುವೆ ಒಂದೂ ಆಸರೆ ಇಲ್ಲ. ಯುದ್ಧ ಸಾರಿದ್ದು ಇಲ್ಲೇ, ಹೆಂಗಸರಿಗೆ ಮತದ ಹಕ್ಕು ಕೊಟ್ಟಿದ್ದೂ ಇಲ್ಲೇ."

"ಕೊಟ್ರಂತೆ! ಇವರಪ್ಪನ ಮನೆ ಗಂಟು ನೋಡು," ಎಂದು ಮಗಳು ಚಿಕ್ಕಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು.

ಚಿಕ್ಕಮ್ಮನ ಕಣ್ಣು ಆ ಜಾಗ ಹುಡುಕುತ್ತಿತ್ತು. ಜಮಖಾನ ಇರಲಿಲ್ಲ. ಅದರ ಜಾಗದಲ್ಲಿ ನಾಲ್ಕು ಹಿತ್ತಾಳೆ ಗೂಟ, ಸುತ್ತ ರೇಷ್ಮೆ ಹಗ್ಗ.

"ಈ ಕಂದುಗೆಂಪು ಗೆರೆ ನೋಡಿ. ಗಣಿಯಿಂದಲೇ ಬಂದದ್ದು. ಇಡೀ ನೆಲದಲ್ಲಿ ಇಂಥದ್ದು ಇದೊಂದೇ. ಕಟ್ಟಿಸಿದವರು ಬೇಕೆಂದೇ ಆರಿಸಿ ಇಲ್ಲಿ ಕೂರಿಸಿದರಂತೆ."

ಜನ ಫೋಟೊ ತೆಗೆದುಕೊಂಡರು. ಮಗಳು ಮಾತ್ರ ಮೊಣಕಾಲೂರಿ ಬಗ್ಗಿದಳು. "ಸರ್, ಇವು ಎರಡು ಬೇರೆ ಬೇರೆ ಕಲ್ಲು. ನಡುವೆ ಸಂದು ಇದೆ. ಒಂದು ಕಲ್ಲಿನ ಗೆರೆ ಸಂದು ದಾಟಿ ಪಕ್ಕದ ಕಲ್ಲಿಗೆ ಹೇಗೆ ಹೋಗುತ್ತೆ? ಇದು ಗೆರೆ ಅಲ್ಲ. ಯಾವುದೋ ಕಲೆ."

"ನಮಗೆ ಕೊಟ್ಟಿರೋ ಪುಸ್ತಕದಲ್ಲಿ ಹೀಗೇ ಇದೆ ಮೇಡಂ."

"ಯಾವನೋ ಮಂತ್ರಿ ಚಹಾ ಚೆಲ್ಲಿರಬೇಕು ಬಿಡಿ," ಎಂದು ಗುಂಪಿನಲ್ಲೊಬ್ಬ ಅಂದ. ಎಲ್ಲರೂ ಗೊಳ್ಳೆಂದರು. ಗುಮ್ಮಟವೂ ಗೊಳ್ಳೆಂದಿತು.

ಸುಮ್ಮನಿದ್ದಿದ್ದರೆ ಎರಡು ನಿಮಿಷದಲ್ಲಿ ಗುಂಪು ಮುಂದಕ್ಕೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ನುಂಗಿಕೊಂಡವಳಿಗೆ ಎರಡು ನಿಮಿಷ ಯಾವ ಲೆಕ್ಕ? ಆದರೆ ಅಕ್ಕನನ್ನು ಚಹಾ ಎಂದಿದ್ದರು. ಅಕ್ಕ ಹೆತ್ತ ಮಗಳು ಅದರತ್ತ ಬಗ್ಗಿ, ಹಗ್ಗದಡಿ ಕೈ ಚಾಚಿ ಉಗುರಿನಿಂದ ಕೆರೆದು ನೋಡುತ್ತಿದ್ದಳು.

"ಕೆರೀಬೇಡ," ಎಂದಳು ಚಿಕ್ಕಮ್ಮ. "ಅದು ನಿಮ್ಮಮ್ಮ."

ಮಗಳು ತಲೆಯೆತ್ತಿದಳು.

"ಅಲ್ಲಿ, ಆ ಕಂಬಿ ಹತ್ತಿರದಿಂದ ಬಿದ್ದಳು. ಮನೇಲಿ ಅಲ್ಲ. ನಾನು ಸುಳ್ಳು ಹೇಳಿದೆ."

"ಒರೆಸಿದ್ದು ಯಾರು?"

"ನಾನೇ. ಹನ್ನೊಂದಕ್ಕೆ ಸಭೆ ಇತ್ತು."

ಮಗಳು ಕೂಗಾಡುತ್ತಾಳೆ, ತನ್ನನ್ನು ದೂಡಿ ಹೊರಟುಹೋಗುತ್ತಾಳೆ ಎಂದು ಚಿಕ್ಕಮ್ಮ ಕಾದಳು. ಅವಳು ಹಗ್ಗದ ಕೆಳಗೆ ನುಸುಳಿ, ಕಲ್ಲಿನ ಪಕ್ಕ ಕುಸಿದು ಕೂತಳು.

"ಅವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ನಾನು ಸೋಪಿನ ನೀರು ಚೆಲ್ಲಿದ್ದೆ ಚಿಕ್ಕಮ್ಮ. ಆಟಕ್ಕೆ. ಬೈತೀಯ ಅಂತ ಹೇಳದೇ ಶಾಲೆಗೆ ಹೋದೆ. ಅಮ್ಮ ಜಾರಿದ್ಲು ಅಂತ ನೀನು ಬಂದು ಹೇಳಿದಾಗ..."

ಮಗುವಿನ ಹೊಟ್ಟೆ ತುಂಬಲೆಂದು ಆಡಿದ ಸುಳ್ಳು ಆ ಮಗುವಿನ ಹೊಟ್ಟೆಯೊಳಗೇ ಹೋಗಿ ಕೂತಿತ್ತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಒಬ್ಬಳದೇ ಹೆಣವನ್ನು ಬೇರೆ ಬೇರೆಯಾಗಿ ಹೊತ್ತಿದ್ದರು.

"ಹಗ್ಗದೊಳಗೆ ಕೂರೋ ಹಾಗಿಲ್ಲ," ಎಂದ ಕೋಟಿನವನು.

ಚಿಕ್ಕಮ್ಮ ಹಗ್ಗವನ್ನು ಗೂಟದಿಂದ ಬಿಚ್ಚಿ ಬದಿಗಿಟ್ಟಳು, ಒಳಗೆ ಹೋಗಿ ಮಗಳ ಪಕ್ಕ ಕೂತಳು. "ನೀನಲ್ಲ ಕಣೇ," ಎಂದಳು. ಮತ್ತೆ ಎಂದಳು. ಗುಂಪು ಮುಂದಿನ ಕೋಣೆಗೆ ಹೋಯಿತು.