ಕಾಲೆತ್ತದ ಕುಣಿತ

ಭದ್ರಮ್ಮನಿಗೆ ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಯಸಳೂರಿನ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ನಾನು ರೈಟರ್; ಹಾಜರಿ ಹಾಕುವುದು, ಕೂಗಾಡುವುದು ಎರಡೂ ನನ್ನದೇ. ಕಣದಲ್ಲಿ ಒಣಗಲು ಹರವಿದ ಕಾಫಿ ಬೀಜವನ್ನು ಹೆಂಗಸರು ಸಾಲಾಗಿ ನಡೆದು ಪಾದದಲ್ಲೇ ತಿರುವುತ್ತಾರೆ. ಕಾಲೆತ್ತಿ ಊರಿದರೆ ಬೀಜ ಒಡೆಯುತ್ತದೆ, ಜಾರಿಸಿಕೊಂಡೇ ಹೋಗಬೇಕು. ಭದ್ರಮ್ಮ ಅದಕ್ಕೊಂದು ಪದ ಕಟ್ಟಿ, ಸೊಂಟ ಬಳುಕಿಸಿ, ಇಡೀ ಸಾಲನ್ನೇ ಕುಣಿಸಿಬಿಡುತ್ತಿದ್ದಳು.

“ಇದೇನು ನಾಟಕದ ಸ್ಟೇಜಾ?” ಎಂದು ನಾನು ರೇಗಿದರೆ ಅವಳ ಉತ್ತರ ಸಿದ್ಧವಿರುತ್ತಿತ್ತು. “ಕುಣೀವಾಗ ಮನೆ ಚಿಂತೆ ಹತ್ರ ಸುಳಿಯಕಿಲ್ಲ ಕಣ್ರೀ ರೈಟ್ರೇ. ನೀವೂ ಒಂದ್ಸಲ ಕುಣೀರಿ, ಆ ಗಂಟುಮೋರೆ ಸರಿಹೋಯ್ತದೆ.”

ಈ ವರ್ಷ ಚಿಂತೆಗೇನೂ ಕೊರತೆಯಿರಲಿಲ್ಲ. ಕಾಯಿ ಉದುರಿ ಫಸಲು ಅರ್ಧಕ್ಕಿಳಿಯಿತು, ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ ವಾರಕ್ಕೆ ಎರಡೇ ದಿನ ಕೆಲಸ. ಗಂಡನಿಲ್ಲದ ಭದ್ರಮ್ಮ ಹಾಸನದ ಗಾರ್ಮೆಂಟ್ಸಿಗೆ ಹೋಗುವುದೆಂದು ಬಟ್ಟೆ ಗಂಟು ಕಟ್ಟಿದಳು. ಪಿಯುಸಿ ಓದುವ ಮಗಳು ಸೌಜನ್ಯಳನ್ನು ಲೈನಿನಲ್ಲಿ ಒಬ್ಬಳನ್ನೇ ಬಿಡಬೇಕಿತ್ತು. ಅಷ್ಟರಲ್ಲಿ ನನಗೊಂದು ಸುದ್ದಿ ಸಿಕ್ಕಿತು, ಹೋಗಿ ಅವಳಿಗೆ ಹೇಳಿದೆ.

ಪಕ್ಕದ ಹೋಂಸ್ಟೇ ಮಾಲೀಕ ದೇವೇಂದ್ರ ಕುಣಿಯುವ ತಂಡ ಹುಡುಕುತ್ತಿದ್ದ. ಅವನು ಕುಣಿತ ನೋಡಿ ಒಪ್ಪಿದರೆ ಪ್ರತಿ ಶನಿವಾರ, ಭಾನುವಾರ ಖಾಯಂ ಕೆಲಸ. ಕಣದ ಮೂವರು ಗೆಳತಿಯರನ್ನು ಕಟ್ಟಿಕೊಂಡು ಭದ್ರಮ್ಮ ಹೊರಟಳು. ಮಾತಾಡಲು ಜೊತೆಗಿರಲಿ ಎಂದು ನಾನೂ ಹೋದೆ.

ಸಂಜೆ ಅತಿಥಿಗಳ ಮುಂದೆ ನಾಲ್ವರೂ ಪಾದ ಜಾರಿಸುತ್ತಾ ಬಂದರು. ಕಣದಲ್ಲಿ ಮಾಡುವಂತೆಯೇ ಅಂಗಳದ ತುದಿ ಮುಟ್ಟಿ, ತಿರುಗಿ, ಎಲ್ಲರಿಗೂ ಬೆನ್ನು ಹಾಕಿ ಬಂದ ದಾರಿಯಲ್ಲೇ ಸಾಲಾಗಿ ವಾಪಸ್ ಹೊರಟರು!

“ಕಾಲೇ ಎತ್ತಲ್ವಲ್ಲ ಮಾರಾಯ, ಇದೆಂಥ ಡ್ಯಾನ್ಸು?” ದೇವೇಂದ್ರ ನನ್ನ ಕಿವಿಯಲ್ಲಿ ಗೊಣಗಿದ. ಕೆಲಸ ಕೈತಪ್ಪಿತು ಎಂದುಕೊಂಡೆ.

ಅಷ್ಟರಲ್ಲಿ ಇಬ್ಬರು ಅತಿಥಿಗಳು ಹುರುಪಿನಿಂದ ಎದ್ದು, ಸಾಲಿಗೆ ಸೇರಿ, ಧಡಧಡ ಕಾಲು ಬಡಿದರು. ಭದ್ರಮ್ಮ ಗಕ್ಕನೆ ನಿಂತು ಕೂಗಿದಳು. “ಅಯ್ಯೋ, ಕಾಲೆತ್ಬ್ಯಾಡ್ರೋ! ಬೀಜ ಒಡ್ದೋಯ್ತವೆ!”

ಅಂಗಳದಲ್ಲಿ ಒಂದೇ ಒಂದು ಬೀಜವಿರಲಿಲ್ಲ. ನೆಲ ನೋಡಿ ಅವಳು ನಾಲಿಗೆ ಕಚ್ಚಿಕೊಂಡಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ಯಾವ ಬೀಜವೆಂದು ಅತಿಥಿಗಳು ಕೇಳಿದಾಗ ಕಣದ ಕೆಲಸ ವಿವರಿಸಿ, ಜಾರುಹೆಜ್ಜೆ ಕಲಿಸಿದಳು. ಸ್ವಲ್ಪ ಹೊತ್ತಿಗೆ ಇಪ್ಪತ್ತು ಜನ ಸಾಲಾದರು. ಕಾಲೆತ್ತಿದವರಿಗೆಲ್ಲ ಬೈಗುಳ, ಬೈಸಿಕೊಳ್ಳಲೆಂದೇ ಕೆಲವರು ಎತ್ತುತ್ತಿದ್ದರು.

“ಪ್ರತಿ ವಾರ ಬನ್ನಿ. ಬಯ್ಯದು ಮಾತ್ರ ಬಿಡ್ಬ್ಯಾಡಿ” ಎಂದ ದೇವೇಂದ್ರ.

“ಹಂಗಾರೆ ಇವತ್ತೇ ಹೋಗಿ ಗಂಟು ಬಿಚ್ತೀನಿ” ಎಂದಳು ಭದ್ರಮ್ಮ. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಅವಳು ನನ್ನತ್ತ ತಿರುಗಿದಳು. “ಬನ್ನಿ ರೈಟ್ರೇ, ಇವತ್ತು ಹಾಜರಿ ನಾನು ಹಾಕದು.”

ಎರಡನೇ ಹೆಜ್ಜೆಗೇ ನನ್ನ ಕಾಲು ಮೇಲೆದ್ದಿತು. ಇಷ್ಟು ವರ್ಷ ನಾನು ಬೈದದ್ದೆಲ್ಲ ಆ ಸಂಜೆ ಒಟ್ಟಿಗೇ ವಾಪಸ್ ಬಂತು.