ಕಾರ್ಡಿನವರಿಗೆ ಮೊಸರಿಲ್ಲ

ನಮ್ಮತ್ತೆ ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಖಾನಾವಳಿ ನಡೆಸುತ್ತಾರೆ. ವಿಜಯಪುರದ ಕೈ. ಅವರು ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದಾರೆ. ನಾನು ಮೈಸೂರಿನವಳು, ಐರೋಲಿಯಲ್ಲಿ ಆಫೀಸು. ಯಾರಾದರೂ ಕಾರ್ಡ್ ಉಜ್ಜಿದರೆ ಅಂಗಡಿಯವರ ದುಡ್ಡಿನಲ್ಲಿ ಯಾವ ಬ್ಯಾಂಕಿಗೆ ಎಷ್ಟು ಪಾಲು, ಮುಂದೆ ಸರ್ಕಾರ ಅದನ್ನು ಇಳಿಸಿದರೆ ಏನು ಗತಿ ಎಂದು ತಲೆ ಕೆಡಿಸಿಕೊಳ್ಳುವುದಕ್ಕೆ ನನಗೆ ಸಂಬಳ. ಇದನ್ನು ಅತ್ತೆಗೆ ವಿವರಿಸಹೋಗಿದ್ದೇ ಎಡವಟ್ಟಾಯಿತು.

ಊಟಕ್ಕೆ ಬರುವ ಆಫೀಸಿನ ಹುಡುಗರು "ಆಂಟಿ, ಕಾರ್ಡ್ ಚಲೇಗಾ?" ಎಂದು ಪೀಡಿಸುತ್ತಿದ್ದರೆಂದು ಮೆಷಿನ್ ತರಿಸಿದ್ದೆವು. ಖಾತೆಗೆ ಬಂದ ಹಣದಲ್ಲಿ ಕಡಿತ ಕಂಡು ಅತ್ತೆ ನನ್ನನ್ನು ಹಿಡಿದರು.

"ಅದರಲ್ಲೊಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತೆ ಅತ್ತೆ. ಅದರಿಂದಲೇ ಅವರು ಗಿರಾಕಿಗೆ ಪಾಯಿಂಟು ಕೊಡೋದು" ಎಂದೆ.

"ಅಂದ್ರ ಉಣ್ಣೂದು ನನ್ನ ಮನ್ಯಾಗ, ಆಯೇರಿ-ಉಡುಗೊರಿ ಅವನ ಬ್ಯಾಂಕಿಗೆ! ಭಾಳ ಛಲೋ ಆತು."

"ಅದನ್ನ ಗಿರಾಕಿ ಮೇಲೆ ಹಾಕೋ ಹಾಗಿಲ್ಲ, ನಿಯಮ ಇದೆ."

"ನಾ ಯಾಕ ಹಾಕ್ಲಿ? ಒಂದ ಪೈಸಾ ಹೆಚ್ಚಿಗಿ ತಗೊಳ್ಳಂಗಿಲ್ಲ. ಮಸರ ನೀಡಂಗಿಲ್ಲ, ಅಷ್ಟ."

ಅಯ್ಯೋ ಶಿವನೇ! ಸರ್ಕಾರ ನಾಳೆ ಇಳಿಸಬಹುದು ಅತ್ತೆ ಎಂದು ಬೇಡಿಕೊಂಡೆ. "ನಾಳಿ ಇಳಿಸಿದ್ರ ನಾಳಿ ಮಸರ ಹಾಕೂಣು" ಎಂದು ಹಿಟ್ಟಿಗೆ ನೀರು ಸುರಿದರು.

ಖಾನಾವಳಿಯಲ್ಲಿ ದುಡ್ಡಿನ ಮಾತು ಕೈ ತೊಳೆದ ಮೇಲೆ. ಆದರೆ ಮೊಸರು ತಡೆಯಬೇಕಾದರೆ ಮೊದಲೇ ತಿಳಿಯಬೇಕಲ್ಲ? ಅತ್ತೆ ಬಾಗಿಲಲ್ಲೇ ನಿಂತು "ರೊಕ್ಕೋ, ಕಾರ್ಡೋ?" ಎಂದು ಕೇಳತೊಡಗಿದರು. ಹುಡುಗರು ನಕ್ಕು, ಕಡಿತವಿಲ್ಲದ ಕ್ಯೂಆರ್‌ಗೆ ಜಾರಿಕೊಂಡರು. ಮೊಸರಿನ ಮುಂದೆ ಪಾಯಿಂಟು ಯಾವ ಲೆಕ್ಕ! ಅತ್ತೆಯನ್ನು ಹಿಡಿಯುವವರಿರಲಿಲ್ಲ.

ಆಮೇಲೆ ಅವನು ಬಂದ. ಕಲಬುರಗಿ ಕಡೆಯ ಹಮಾಲ, ಇಲ್ಲೇ ಪಕ್ಕದ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ, ಎಷ್ಟೋ ವರ್ಷದ ಗಿರಾಕಿ. ಅತ್ತೆಯನ್ನು ಅವ್ವ ಎಂದೇ ಕರೆಯುವವನು. ಎರಡೂ ಕೈಯಲ್ಲಿ ಹೊಸ ಕಾರ್ಡ್ ಹಿಡಿದಿದ್ದ. "ಅವ್ವಾ, ನಾನೂ ಕಾರ್ಡಿನವ ಆದೆ ನೋಡ್ರೀ!"

ಎಲ್ಲರೂ ಅತ್ತೆಯ ಮುಖ ನೋಡಿದರು. ನಿಯಮ ಅಂದರೆ ನಿಯಮ ಎಂದು ಅತ್ತೆ ಮೊಸರಿನ ಪಾತ್ರೆ ಹಿಡಿದು ಅವನ ತಟ್ಟೆಯನ್ನು ದಾಟಿಹೋದರು. ಅವನು ಪಕ್ಕದವನ ತಟ್ಟೆ ನೋಡಿದ, ತನ್ನದನ್ನು ನೋಡಿದ. ಅರ್ಧ ಹೊಟ್ಟೆಗೇ ಎದ್ದು, ಕಾರ್ಡ್ ಕೊಟ್ಟು, ಹೋಗಿಬರುತ್ತೇನೆ ಎನ್ನದೆ ಹೊರಟುಹೋದ.

ಮೆಷಿನ್ನಿನ ಚೀಟಿ ನೋಡಿದೆ. ದೇಶಿ ಡೆಬಿಟ್ ಕಾರ್ಡು. "ಅತ್ತೆ, ಇಂಥ ಕಾರ್ಡಿಗೆ ಸರ್ಕಾರ ಶುಲ್ಕವನ್ನೇ ತೆಗೆದುಹಾಕಿದೆ. ನಿಮಗೆ ಒಂದು ಪೈಸೆಯೂ ಕಡಿತವಿಲ್ಲ."

"ಮದ್ಲ ಯಾಕ ಬಾಯಿ ಬಿಡ್ಲಿಲ್ಲ?"

"ನೀವು ಬಿಡೋಕೆ ಬಿಟ್ರಾ?" ಎಂದು ನಾನೂ ರೇಗಿದೆ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೊರಗೆ ಚಪ್ಪಲಿ ಸದ್ದಾದರೆ ಅತ್ತೆ ಬಾಗಿಲು ನೋಡುತ್ತಿದ್ದರು, ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಮಾರ್ಕೆಟ್ಟಿನವರ ಕೈಲಿ ಹೇಳಿಕಳಿಸಿದರೂ ಉತ್ತರವಿಲ್ಲ. "ಹಸದ ಎದ್ದ ಹೋದ್ನಲ್ಲವಾ ನನ್ನ ಮನಿಯಿಂದ" ಎಂದು ಒಬ್ಬರೇ ಗೊಣಗುವರು. ನನಗೂ ಸಂಕಟವಾಗುತ್ತಿತ್ತು. ಅವನು ಇನ್ನು ಬಾರದೇ ಹೋದರೆ ಅತ್ತೆ ಒಲೆ ಆರಿಸಿಯೇಬಿಡುತ್ತಾರೇನೋ ಎನಿಸಿತು.

ಭಾನುವಾರ ಮಧ್ಯಾಹ್ನ ಬಂದ. ಹೊಸ್ತಿಲಾಚೆಯೇ ನಿಂತು, ಚಪ್ಪಲಿ ಬಿಡದೆ, ಮಡಿಸಿದ ನೋಟು ಮುಂದೆ ಹಿಡಿದ. "ರೊಕ್ಕಾನ ತಂದೀನ್ರೀ ಅವ್ವಾ. ಒಳಗ ಬರ್ಲೇನ್ರೀ?"

ಅತ್ತೆ ಹಿಟ್ಟಿನ ಕೈಯಲ್ಲೇ ಅವನ ರಟ್ಟೆ ಹಿಡಿದು ಒಳಗೆಳೆದರು. "ಖೋಡಿ! ಉಣ್ಣಾಕ ಬರೂ ಮನಿಗೆ ಯಾರರ ಕೇಳಿ ಬರ್ತಾರೇನೋ?" ಎಂದು ಬೈಯುತ್ತ ಬೈಯುತ್ತಲೇ ಅತ್ತುಬಿಟ್ಟರು.

ಅವನು ತಲೆ ತಗ್ಗಿಸಿ ಮೆಲ್ಲಗೆ ಅಂದ: "ಬಾಗಲ್ದಾಗ ನಿಂತು ನೀವ ಕೇಳ್ಲಕತ್ತೀರಲ್ರೀ ಅವ್ವಾ."

ಅತ್ತೆ ತಟ್ಟೆ ತಂದು ಅವನ ಮುಂದಿಟ್ಟು, ಮೊದಲು ಮೊಸರು ಬಡಿಸಿ, ಅವನು ಉಂಡು ಮುಗಿಸುವವರೆಗೂ ಎದುರಿಗೇ ಕೂತರು.