ಅಕ್ಕನ ದನಿ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನನಗೆ ನೆಟ್ಟಗೆ ಒಂದು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಕಲಿಸಿದವರು ನನ್ನ ಗಂಡನ ಅಕ್ಕ. ಅವರ ಮನೆ ಚಿಂಚವಾಡದಲ್ಲಿ. ಅವರ ಯಜಮಾನರು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಮಕ್ಕಳಿರಲಿಲ್ಲ.

ಒಲೆಯ ಮುಂದೆ ನಿಂತರೆ ಅಕ್ಕ ಮಾತು ನಿಲ್ಲಿಸುತ್ತಿರಲಿಲ್ಲ, ಅದೂ ನನ್ನೊಡನೆ ಅಲ್ಲ. ಉಕ್ಕುವ ಬೇಳೆಗೆ "ಸಿಟ್ಟು ಯಾಕ ನಮ್ಮವ್ವಾ, ಸಾವಕಾಶ" ಎನ್ನುವರು. ಬದನೆಕಾಯಿಗೆ "ಎಷ್ಟು ಎಣ್ಣಿ ಕುಡೀತಿ, ಹೊಟ್ಟಿ ನೋಯ್ತದ" ಎಂದು ಗದರುವರು. ಹಂಚಿನ ಮೇಲಿನ ರೊಟ್ಟಿಗೆ ಮಾತ್ರ ದನಿ ಮೆತ್ತಗಾಗುತ್ತಿತ್ತು. "ಉಬ್ಬು ನನ ಬಂಗಾರ, ಅಪ್ಪಾ ಬರೋ ಹೊತ್ತಾತು."

ಎಷ್ಟೋ ವರ್ಷಗಳ ಮೇಲೆ, ಕಾಲೇಜಿಗೆ ಹೋಗುವ ಮಗಳನ್ನು ನಗಿಸಲೆಂದು ನಾನು ರೊಟ್ಟಿ ಬೇಯಿಸುತ್ತ ಅಕ್ಕನಂತೆ ಮಾತಾಡಿದೆ. ಅವಳು ಮೊಬೈಲಿನಲ್ಲಿ ವಿಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕಿಬಿಟ್ಟಳು. ವಾರದೊಳಗೆ ತರಕಾರಿ ಮಂಡಯಿಯಲ್ಲಿ ಸೊಪ್ಪು ಮಾರುವಾಕೆ ನನ್ನ ಮುಖ ನೋಡಿ, "ಭಾಕರಿಶೀ ಬೋಲಣಾರ್ಯಾ ತುಮ್ಹೀಚ ನಾ?" ಎಂದಳು. ರೊಟ್ಟಿ ಜೊತೆ ಮಾತಾಡುವವರು ನೀವೇ ಅಲ್ಲವೇ ಎಂದು ಕೇಳಿ, ಕೊತ್ತಂಬರಿ ಕಟ್ಟು ಕೈಯಲ್ಲೇ ಹಿಡಿದು ನನ್ನೊಡನೆ ಫೋಟೋ ತೆಗೆಸಿಕೊಂಡಳು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ನಿಲ್ಲಿಸಿ ಮಾತಾಡಿಸಿರಲಿಲ್ಲ. ರುಚಿ ಹತ್ತಿತು. ಅಕ್ಕನ ಹಾಗೆ ಕನ್ನಡಕ ಮೂಗಿನ ತುದಿಗಿಳಿಸಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ವಿಡಿಯೋ ಮೇಲೆ ವಿಡಿಯೋ ಮಾಡಿದೆ. ಯಾರ ದನಿ ಅದು ಎಂದು ಎಲ್ಲಿಯೂ ಹೇಳಲಿಲ್ಲ.

ಅಕ್ಕನ ಹತ್ತಿರ ಅಂಥ ಫೋನಿರಲಿಲ್ಲ. ಅವರಿಗೆ ತೋರಿಸಿದವರು ಭಜನೆಗೆ ಬರುವ ಹೆಂಗಸರು. ಫೋನು ಮಾಡಿದರೆ ಎತ್ತದಾದಾಗ ನಾನೇ ಹೋದೆ. ಅಕ್ಕ ಹಿಟ್ಟು ನಾದುತ್ತಿದ್ದರು.

"ನೋಡಿದೆ. ಛಂದ ಮಾಡೀದಿ. ನನ್ನ ದನೀನ ಬಂದದ."

"ಚ್ಯಾಷ್ಟಿಗೆ ಮಾಡಿದ್ದೆರೀ ಅಕ್ಕಾ."

"ಕೆಳಗಿನ ಮನಿ ಹುಡುಗ್ರು, ಕನ್ನಡ ಬರದವೂ, ನನ್ನ ಕಂಡ್ರ 'ಉಬ್ಬು ನನ ಬಂಗಾರ' ಅಂತಾವ. ಅವಕ್ಕೇನು ಗೊತ್ತು? ನಿನಗ ಗೊತ್ತಿತ್ತಲ್ಲ."

ಗೊತ್ತಿತ್ತು. ಎರಡು ಸಲ ದಿನ ತುಂಬಿದ ಮೇಲೆ ಕೂಸು ಹೋಗಿತ್ತು. ಎರಡನೆಯ ಸಲ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು. ಅವರು ಹೆಣೆದಿಟ್ಟಿದ್ದ ಕುಲಾವಿಯನ್ನು ಕಣ್ಣಿಗೆ ಬೀಳದಂತೆ ಟ್ರಂಕಿನ ತಳಕ್ಕೆ ಹಾಕಿದವಳೂ ನಾನೇ.

ಅಕ್ಕ ರೊಟ್ಟಿ ಬಡಿದರು, ಹಂಚಿಗೆ ಹಾಕಿದರು, ಅದು ಉಬ್ಬಿತು, ನನ್ನ ತಾಟಿಗೆ ಬಂತು. ರೊಟ್ಟಿಗೆ ಒಂದು ಮಾತೂ ಆಡಲಿಲ್ಲ. ನಾನು ತಿಂದು ತಾಟು ತೊಳೆದಿಟ್ಟೆ.

ಮನೆಗೆ ಬಂದು ಮಗಳಿಂದ ವಿಡಿಯೋ ಎಲ್ಲವನ್ನೂ ಅಳಿಸಿಹಾಕಿಸಿದೆ. ಅಷ್ಟರಲ್ಲಿ ಯಾರು ಯಾರೋ ತಮ್ಮ ಫೋನಿಗೆ ಎತ್ತಿಕೊಂಡಿದ್ದರು. ಇಂದಿಗೂ ಮದುವೆ ಮನೆಗಳಲ್ಲಿ ನನಗೇ ತೋರಿಸಿ ನಗುತ್ತಾರೆ. ನನ್ನದೇ ದನಿಯಲ್ಲಿ ಒಂದೆರಡು ವಿಡಿಯೋ ಮಾಡಿದೆ. ಯಾರೂ ನೋಡಲಿಲ್ಲ, ಬಿಟ್ಟೆ.

ಅಕ್ಕ ನಮ್ಮನ್ನು ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿಲ್ಲ. ಆದರೆ ನಾನು ಅಡುಗೆಮನೆಯಲ್ಲಿದ್ದರೆ "ಉಪ್ಪು ನೋಡು", "ಇಕ್ಕಳ ಕೊಡು", ಅಷ್ಟೇ. ಕಳೆದ ಯುಗಾದಿಗೆ ನಾನೊಬ್ಬಳೇ ಬೇಗ ಹೋದೆ. ಬಾಗಿಲಾಚೆ ಹೋಳಿಗೆ ಬೇಯುವ ವಾಸನೆ, ಅಕ್ಕನ ಸಣ್ಣ ದನಿ. ಯಾರನ್ನೋ ರಮಿಸುತ್ತಿದ್ದಂತಿತ್ತು, ಮಾತು ತಿಳಿಯಲಿಲ್ಲ. ಚಪ್ಪಲಿ ಬಿಡದೆ ಬಹಳ ಹೊತ್ತು ನಿಂತೆ. ಕಡೆಗೆ ಗಂಟೆ ಒತ್ತಲೇಬೇಕಾಯಿತು. ದನಿ ನಿಂತಿತು.

"ಬಿಸಲಾಗ ಬಂದೀಯಲ್ಲ," ಎನ್ನುತ್ತ ಬಾಗಿಲು ತೆಗೆದರು. "ಬಾ, ನೀರು ಕುಡಿ."